ಪಂಜರದ ಹದ್ದು, ಮಂಕು ಬೆಳಕು: ಹತ್ತಿರದಿಂದ ಫೋಟೊ ತೆಗೆಯುವವರ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಬನ್ನೇರುಘಟ್ಟ, ಪಿಲಿಕುಳದಂಥ ಕಡೆ ಹದ್ದು, ಗರುಡ, ಗೂಬೆಗಳ ಫೋಟೊ ತೆಗೆಯಲು ಹೋದವರು ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಕೊಲ್ಲಿ ದೇಶಗಳಲ್ಲಿ, ಇಂಗ್ಲೆಂಡಿನಲ್ಲಿ ಇರುವ ಕನ್ನಡಿಗರ ಪ್ರಶ್ನೆಗಳೂ ಸೇರಿವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಸುಲಭದವು ಮೊದಲು, ತಲೆನೋವಿನವು ಆಮೇಲೆ.

## ಈಗಷ್ಟೇ ಶುರು ಮಾಡಿದವರಿಗೆ

ಹಕ್ಕಿ ಅಲ್ಲಾಡದೆ ಕೂತಿತ್ತು. ಆದ್ರೂ ನನ್ನ ಫೋಟೊ ಯಾಕೆ ಮಸುಕು ಬರುತ್ತೆ?

ಫೋಟೊವನ್ನು ದೊಡ್ಡದು ಮಾಡಿ, ಹಕ್ಕಿ ಕೂತ ಕೊಂಬೆ ನೋಡಿ. ಕೊಂಬೆಯೂ ಹಕ್ಕಿಯೂ ಎರಡೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ನಿಮ್ಮ ಕೈ ನಡುಗಿದೆ. ಕೊಂಬೆ, ಕಾಲುಗುರು ಚೂಪಾಗಿದ್ದು ತಲೆ ಮಾತ್ರ ಮಸುಕಾಗಿದ್ದರೆ ಹಕ್ಕಿ ತಲೆ ತಿರುಗಿಸಿದೆ. ಬೋನಿನ ಜಾಲರಿಯೋ ಹಿಂದಿನ ಗೋಡೆಯೋ ಚೂಪಾಗಿದ್ದರೆ ಫೋಕಸ್ ತಪ್ಪಿದೆ.

ಜಾಸ್ತಿ ಆಗುವುದು ಎರಡನೆಯದು. ಬೇಟೆ ಹಕ್ಕಿಯ ಮೈ ಗಂಟೆಗಟ್ಟಲೆ ಅಲ್ಲಾಡುವುದಿಲ್ಲ, ತಲೆ ಮಾತ್ರ ಸುಮ್ಮನಿರುವುದಿಲ್ಲ. ಕಾಗೆ ಹಾರಿದರೆ ಅತ್ತ, ಮಗು ಕೂಗಿದರೆ ಇತ್ತ. ಹೀಗೆ ತಿರುಗಿಸಿದಾಗೆಲ್ಲ ನಡುವೆ ಒಂದು ಕ್ಷಣ ನಿಲ್ಲಿಸುತ್ತದೆ. ಆ ನಿಲುಗಡೆಗೆ ಕಾದು, ಮೂರು ನಾಲ್ಕು ಫ್ರೇಮ್ ಒಟ್ಟಿಗೆ ತೆಗೆಯಿರಿ. ಲೆನ್ಸಿನ ಸ್ಟೆಬಿಲೈಸೇಶನ್ ನಿಮ್ಮ ಕೈ ನಡುಕವನ್ನು ತಡೆಯುತ್ತದೆಯೇ ಹೊರತು ಹಕ್ಕಿಯ ತಲೆಯನ್ನಲ್ಲ.

ಎಷ್ಟು ಹೊತ್ತಿಗೆ ಹೋದ್ರೆ ಬೆಳಕು ಚೆನ್ನಾಗಿರುತ್ತೆ?

ಬಾಗಿಲು ತೆರೆದ ಮೊದಲ ಗಂಟೆ, ಇಲ್ಲವೇ ಮುಚ್ಚುವ ಮುಂಚಿನ ಗಂಟೆ. ಆಗ ಬಿಸಿಲು ಓರೆಯಾಗಿ ಬೋನಿನೊಳಗೆ ಇಳಿಯುತ್ತದೆ. ಮಧ್ಯಾಹ್ನ ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕತ್ತಲೆ. ಕ್ಯಾಮೆರಾಗೆ ಇದಕ್ಕಿಂತ ಕಷ್ಟದ ಬೆಳಕಿಲ್ಲ.

ಮೋಡ ಕವಿದ ದಿನ ಎಂದು ಮನೆಯಲ್ಲಿ ಕೂರಬೇಡಿ. ಆಷಾಢದ ಮೋಡದ ಬೆಳಕು ಕಡಿಮೆ ಇರಬಹುದು, ಆದರೆ ನಾಲ್ಕೂ ಕಡೆಯಿಂದ ಮೆತ್ತಗೆ ಬರುತ್ತದೆ. ಜಾಲರಿಯ ನೆರಳು ಹಕ್ಕಿಯ ಎದೆ ಮೇಲೆ ಬೀಳುವುದಿಲ್ಲ. ಬಿಸಿಲಿದ್ದಾಗ ಆ ಚೌಕುಳಿ ನೆರಳನ್ನು ಯಾವ ಸಾಫ್ಟ್‌ವೇರೂ ಸರಿಯಾಗಿ ತೆಗೆಯುವುದಿಲ್ಲ. ಮೈಸೂರು, ಬನ್ನೇರುಘಟ್ಟ ಎರಡಕ್ಕೂ ಮಂಗಳವಾರ ರಜೆ, ನೆನಪಿರಲಿ.

ನಮ್ಮ ಹತ್ರ ಬರೀ ಮೊಬೈಲ್ ಇದೆ. ಸುಮ್ನೆ ಟ್ರೈ ಮಾಡಿ ಪ್ರಯೋಜನ ಇದ್ಯಾ?

ಇದೆ. ಮೊಬೈಲಿಗೆ ಒಂದು ಅನುಕೂಲ ದೊಡ್ಡ ಕ್ಯಾಮೆರಾಗಿಲ್ಲ. ಅದರ ಲೆನ್ಸ್ ಜಾಲರಿಯ ಒಂದು ಕಣ್ಣಿಗಿಂತ ಚಿಕ್ಕದು. ತಡೆಬೇಲಿ ಇಲ್ಲದ ಕಡೆ, ಜಾಲರಿಯ ಕಣ್ಣಿಗೆ ಲೆನ್ಸನ್ನು ಸರಿಯಾಗಿ ಜೋಡಿಸಿದರೆ ಜಾಲರಿ ಕಾಣುವುದೇ ಇಲ್ಲ. ಬೆರಳು ಒಳಗೆ ಹೋಗದಂತೆ ಮಾತ್ರ ನೋಡಿಕೊಳ್ಳಿ. ತಡೆಬೇಲಿ ಇದ್ದರೆ ಅದನ್ನು ದಾಟಬೇಡಿ.

ಮಂಕು ಬೆಳಕಿನಲ್ಲಿ ಝೂಮ್ ಬಗ್ಗೆ ಎಚ್ಚರ. ಬಹಳಷ್ಟು ಫೋನುಗಳು ಬೆಳಕು ಕಡಿಮೆಯಾದರೆ ಟೆಲಿ ಲೆನ್ಸನ್ನು ಬಿಟ್ಟು, ಮುಖ್ಯ ಕ್ಯಾಮೆರಾದ ಚಿತ್ರವನ್ನೇ ಕತ್ತರಿಸಿ ದೊಡ್ಡದು ಮಾಡಿ ತೋರಿಸುತ್ತವೆ. ಟೆಲಿ ಲೆನ್ಸಿಗೆ ಬೆರಳು ಅಡ್ಡ ಹಿಡಿದು ನೋಡಿ. ಪರದೆ ಕಪ್ಪಾಗದಿದ್ದರೆ ಆ ಲೆನ್ಸ್ ಕೆಲಸ ಮಾಡುತ್ತಿಲ್ಲ ಎಂದರ್ಥ. ಪೋರ್ಟ್ರೇಟ್ ಮೋಡ್ ಬೇಡ, ಗೂಬೆಯ ತಲೆ ಮೇಲಿನ ಪುಕ್ಕದ ಅಂಚನ್ನು ಕತ್ತರಿಯಲ್ಲಿ ಕತ್ತರಿಸಿದಂತೆ ಮಾಡುತ್ತದೆ. ನೈಟ್ ಮೋಡ್ ನಿದ್ದೆಗಣ್ಣಿನ ಗೂಬೆಗೆ ಸರಿ, ಬೇರೆ ಹಕ್ಕಿಗಳಿಗೆ ಆಗುವುದಿಲ್ಲ.

ಒಂದೇ ಒಂದು ಫ್ಲಾಶ್ ಹಾಕಿದ್ರೆ ಏನಾಗುತ್ತೆ?

ಎಲ್ಲಕ್ಕಿಂತ ಮೊದಲು ಜಾಲರಿ ಬೆಳ್ಳಗೆ ಹೊಳೆದು ಹಕ್ಕಿ ಅದರ ಹಿಂದೆ ಮುಳುಗುತ್ತದೆ. ಗೂಬೆಯಾದರೆ ಕಣ್ಣು ಕೆಂಡದಂತೆ ಹೊಳೆಯುತ್ತದೆ. ಫೋಟೊ ಕೆಟ್ಟಿತು, ಜೊತೆಗೆ ಹಕ್ಕಿ ಬೆಚ್ಚಿ ಹಾರಿ ಜಾಲರಿಗೆ ಬಡಿದುಕೊಂಡರೆ ರೆಕ್ಕೆ ಗರಿ ಮುರಿಯುತ್ತದೆ. ಗರಿ ಮುರಿದರೆ ಮುಂದಿನ ಸಲ ಗರಿ ಉದುರಿ ಹೊಸದು ಬರುವ ತನಕ ಹಾಗೇ ಇರಬೇಕು.

ವನ್ಯಜೀವಿ ಸಂರಕ್ಷಣಾ ಕಾಯ್ದೆಯ 38ಜೆ ಕಲಂ ಪ್ರಕಾರ ಮೃಗಾಲಯದ ಪ್ರಾಣಿಗಳನ್ನು ಕೆಣಕುವುದು, ಸದ್ದು ಮಾಡಿ ಅಥವಾ ಬೇರೆ ರೀತಿಯಲ್ಲಿ ತೊಂದರೆ ಕೊಡುವುದು ನಿಷಿದ್ಧ. ಹಾಗಾಗಿ ಫ್ಲಾಶ್ ಬೇಡವೇ ಬೇಡ. ಕ್ಯಾಮೆರಾದ ಮುಂದೆ ಕಿತ್ತಳೆ ಬಣ್ಣದಲ್ಲಿ ಹೊತ್ತಿಕೊಳ್ಳುವ ಫೋಕಸ್ ದೀಪವನ್ನೂ ಮೆನುವಿನಲ್ಲಿ ಆಫ್ ಮಾಡಿ. ಬಹಳ ಜನ ಫ್ಲಾಶ್ ಆಫ್ ಮಾಡಿ ಇದನ್ನು ಮರೆಯುತ್ತಾರೆ.

ಟ್ರೈಪಾಡ್ ಒಯ್ಯಲಾ?

ಬಹುತೇಕ ಕಡೆ ಜನ ಓಡಾಡುವ ದಾರಿಯಲ್ಲಿ ಬಿಡುವುದಿಲ್ಲ. ಒಂಟಿ ಕಾಲಿನ ಮಾನೋಪಾಡ್ ಸಾಕು. ಟಿಕೆಟ್ ಕೌಂಟರಿನಲ್ಲೇ ಕೇಳಿಕೊಳ್ಳಿ, ಕ್ಯಾಮೆರಾಗೆ ಬೇರೆ ಶುಲ್ಕವೂ ಇರಬಹುದು.

## ಕ್ಯಾಮೆರಾ, ಲೆನ್ಸ್, ಸೆಟ್ಟಿಂಗ್

ಐಎಸ್‌ಒ ಎಷ್ಟರ ತನಕ ಏರಿಸಬಹುದು? 1600 ದಾಟಿದ್ರೆ ಕಾಳು ಕಾಳು ಬರುತ್ತೆ ಅಂತಾರಲ್ಲ.

ಐಎಸ್‌ಒ ಎಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಳತೆ. ಕಾಳು (ನಾಯ್ಸ್) ಬಂದರೂ ಪರವಾಗಿಲ್ಲ, ಮಸುಕು ಬೇಡ. ನಾಯ್ಸ್ ಇಳಿಸಬಹುದು, ಮಸುಕಾದ ಕಣ್ಣನ್ನು ಚೂಪು ಮಾಡಲು ಆಗುವುದಿಲ್ಲ. ರಾತ್ರಿ ಮನೆಯ ಟ್ಯೂಬ್‌ಲೈಟಿನಷ್ಟು ಬೆಳಕಿರುವ ಬೋನಿನಲ್ಲಿ ಎಫ್ 4 (ಲೆನ್ಸಿನ ಕಿಂಡಿಯ ಅಳತೆ, ಅಂಕೆ ಚಿಕ್ಕದಾದಷ್ಟೂ ಬೆಳಕು ಜಾಸ್ತಿ), 1/125 ಸೆಕೆಂಡ್ ಇಟ್ಟರೆ ಐಎಸ್‌ಒ 6400ರ ಹತ್ತಿರ ಬೇಕೇ ಬೇಕು. ಲೆಕ್ಕ ಅಷ್ಟೇ, ಇದರಲ್ಲಿ ಚೌಕಾಸಿ ಇಲ್ಲ.

ನಾನು ಮಾಡುವುದು ಹೀಗೆ. ಮ್ಯಾನ್ಯುಯಲ್ ಮೋಡ್‌ನಲ್ಲಿ ಅಪರ್ಚರ್ (ಆ ಕಿಂಡಿ), ಶಟರ್ ಸ್ಪೀಡ್ ನಾನೇ ಇಡುತ್ತೇನೆ, ಐಎಸ್‌ಒ ಆಟೊ. ಕೂತ ಹದ್ದಿಗೆ 1/200ರಿಂದ ಶುರು. ತೂಕಡಿಸುವ ಗೂಬೆಗೆ 1/30 ಕೂಡ ನಡೆಯುತ್ತದೆ. ಶಿಕ್ರಾ ಎಂಬ ಪುಟ್ಟ ಗಿಡುಗದಂಥ ಚುರುಕು ಹಕ್ಕಿಗೆ 1/320 ಇಲ್ಲದೆ ಕಷ್ಟ. ಐಎಸ್‌ಒ ಕಡಿಮೆ ಇಟ್ಟು ಕಪ್ಪಗೆ ತೆಗೆದು ಆಮೇಲೆ ಬೆಳ್ಳಗೆ ಮಾಡುತ್ತೇನೆ ಎನ್ನುವವರಿದ್ದಾರೆ. ಕಪ್ಪು ಗರಿಯ ಮೇಲೆ ಅದರಿಂದ ನಾಯ್ಸ್ ಇನ್ನೂ ಜಾಸ್ತಿ ಕಾಣುವುದೇ ಹೆಚ್ಚು.

ಸಾಲ ಮಾಡಿ 150-600 ತಗೊಂಡೆ. ಹತ್ತಿರದ ಹಕ್ಕಿಗೆ ಫೋಕಸೇ ಆಗಲ್ವಲ್ಲ?

ಲೆನ್ಸ್ ಕೆಟ್ಟಿಲ್ಲ. ಈ ಜಾತಿಯ ಲೆನ್ಸುಗಳಿಗೆ ಕನಿಷ್ಠ ಎರಡು ಕಾಲು ಮೀಟರಿನಿಂದ ಎರಡು ಮುಕ್ಕಾಲು ಮೀಟರ್ ದೂರ ಬೇಕು. ಎರಡು ಹೆಜ್ಜೆ ಹಿಂದೆ ಸರಿಯಿರಿ. ಲೆನ್ಸಿನ ಪಕ್ಕದ ಫೋಕಸ್ ಲಿಮಿಟರ್ ಗುಂಡಿ "10 ಮೀಟರಿನಿಂದ ಅನಂತ" ಎಂಬಲ್ಲಿದ್ದರೆ ಹತ್ತಿರದ್ದು ಸಿಗುವುದೇ ಇಲ್ಲ, ಅದನ್ನೂ ನೋಡಿ.

ಆದರೆ ಹತ್ತಿರದ ಹಕ್ಕಿಗೆ, ಮಂಕು ಬೆಳಕಿಗೆ ಅದು ಸರಿಯಾದ ಲೆನ್ಸೇ ಅಲ್ಲ. 600 ಎಂಎಂನಲ್ಲಿ ಅದು ಎಫ್ 6.3. ಸಾಮಾನ್ಯ 85 ಎಂಎಂ ಎಫ್ 1.8 ಲೆನ್ಸ್ ಅದಕ್ಕಿಂತ ಸುಮಾರು 12 ಪಟ್ಟು ಬೆಳಕು ಒಳಗೆ ಬಿಡುತ್ತದೆ. ಬೆಲೆ ಅದರ ಅರ್ಧವೂ ಇಲ್ಲ. ಗೆಳೆಯರ ಹತ್ತಿರ ಎರವಲು ಸಿಕ್ಕರೆ 70-200 ಎಫ್ 2.8 ಇನ್ನೂ ಒಳ್ಳೆಯದು.

ಕಣ್ಣು ಚೂಪಾಗಿ ಬಂದ್ರೆ ಕೊಕ್ಕು ಮಸುಕು, ಕೊಕ್ಕು ಬಂದ್ರೆ ಕಣ್ಣು ಹೋಯ್ತು. ಏನ್ ಮಾಡ್ಲಿ?

ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 300 ಎಂಎಂ, ಎಫ್ 4, ಹಕ್ಕಿ 3 ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ಆಗ ಚೂಪಾಗಿ ಕಾಣುವ ಆಳ ಒಟ್ಟು ಎರಡೂವರೆ ಸೆಂಟಿಮೀಟರಿಗಿಂತ ಕಡಿಮೆ. ಹದ್ದು ನೇರವಾಗಿ ನಿಮ್ಮನ್ನೇ ನೋಡುತ್ತಿದ್ದರೆ ಕೊಕ್ಕಿನ ತುದಿಯಿಂದ ಕಣ್ಣಿಗೆ ಅದಕ್ಕಿಂತ ಜಾಸ್ತಿ ಅಂತರ ಇರುತ್ತದೆ. ಎರಡೂ ಒಟ್ಟಿಗೆ ಸಿಗಲು ಸಾಧ್ಯವೇ ಇಲ್ಲ.

ಎಫ್ 8ಕ್ಕೆ ಹೋದರೆ ಆಳ ದುಪ್ಪಟ್ಟು, ಬೆಳಕು ಕಾಲು ಭಾಗ. ಮಂಕು ಬೆಳಕಿನಲ್ಲಿ ಅದು ದುಬಾರಿ. ಅದಕ್ಕಿಂತ ಹಕ್ಕಿ ತಲೆಯನ್ನು ಸ್ವಲ್ಪ ಓರೆ ಮಾಡುವ ತನಕ ಕಾಯಿರಿ. ಪಕ್ಕದ ನೋಟದಲ್ಲಿ ಕಣ್ಣು, ಮೂಗಿನ ಹೊಳ್ಳೆ, ಕೊಕ್ಕಿನ ಕೊಂಕಿ ಹೆಚ್ಚುಕಡಿಮೆ ಒಂದೇ ಸಮದಲ್ಲಿ ಬರುತ್ತವೆ. ಗೂಬೆಗೆ ಈ ಕಷ್ಟ ಇಲ್ಲ, ಅದರ ಮುಖ ತಟ್ಟೆಯಂತೆ ಚಪ್ಪಟೆ. ನೇರ ನೋಟವೇ ಚೆಂದ. ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ಯಾವಾಗಲೂ ಕಣ್ಣು.

ಗರುಡನ ತಲೆ ಬರೀ ಬಿಳಿ ಮಚ್ಚೆ ಆಗುತ್ತೆ, ಗರಿನೇ ಕಾಣಲ್ಲ.

ಸುತ್ತಲಿನ ಕತ್ತಲೆ ನೋಡಿ ಕ್ಯಾಮೆರಾ ಬೆಳಕು ಏರಿಸಿಬಿಡುತ್ತದೆ. ಇಟ್ಟಿಗೆ ಬಣ್ಣದ ಮೈ ಸರಿ ಬರುತ್ತದೆ, ಬಿಳಿ ತಲೆ ಸುಟ್ಟುಹೋಗುತ್ತದೆ. ಬೆಳಕು ಏರಿಸಿ ಇಳಿಸುವ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಮೈನಸ್ 1ರ ಆಸುಪಾಸು ಇಟ್ಟು ಶುರು ಮಾಡಿ, ಸುಟ್ಟ ಜಾಗ ತೋರಿಸುವ ಹೈಲೈಟ್ ಎಚ್ಚರಿಕೆ ಮಿನುಗುವುದು ನಿಲ್ಲುವ ತನಕ ಇಳಿಸಿ. ಬಿಳಿ ತಲೆಯಲ್ಲಿ ಕೂದಲೆಳೆಯಷ್ಟು ಸಣ್ಣ ಕಪ್ಪು ಗೀರುಗಳಿರುತ್ತವೆ. ಅವು ಕಂಡರೆ ಎಕ್ಸ್‌ಪೋಶರ್ ಸರಿ ಇದೆ.

ಹಿಂದೆ ಬಯಲಿನ ಬೆಳಕಿದ್ದು ಮುಂದೆ ಕಂದು ಹದ್ದು ಕೂತಿದ್ದರೆ ಇದರ ಉಲ್ಟಾ, ಪ್ಲಸ್ 1.

## ಜಾಲರಿ, ಗಾಜು, ಹಸಿರು ನೆಟ್

ಕೆಲವರ ಫೋಟೊದಲ್ಲಿ ಜಾಲರಿ ಇರೋದೇ ಗೊತ್ತಾಗಲ್ಲ. ಅದೇನು ಫೋಟೊಶಾಪಾ?

ಅಲ್ಲ, ಬರೀ ಲೆಕ್ಕ. ಲೆನ್ಸಿನ ಫೋಕಲ್ ಲೆಂತ್ ಅನ್ನು ಎಫ್ ಸಂಖ್ಯೆಯಿಂದ ಭಾಗಿಸಿ. 300 ಎಂಎಂ ಎಫ್ 4 ಆದರೆ 75 ಎಂಎಂ. ಇದು ಬೆಳಕು ಒಳಗೆ ಬರುವ ಕಿಂಡಿಯ ಅಗಲ. ಜಾಲರಿಯ ಕಣ್ಣು 25 ಎಂಎಂ ಇದ್ದರೆ ಈ ಕಿಂಡಿ ಎರಡು ಮೂರು ಕಣ್ಣುಗಳ ಮೂಲಕ ಒಟ್ಟಿಗೆ ನೋಡುತ್ತದೆ. ಒಂದು ತಂತಿ ಅಡ್ಡ ಬಂದರೂ ಅದರ ಆಚೀಚೆಯಿಂದ ಹಕ್ಕಿಯ ಬೆಳಕು ಬರುತ್ತಲೇ ಇರುತ್ತದೆ. ತಂತಿ ಕರಗಿ ತೆಳು ಮಂಜಾಗುತ್ತದೆ. ಕಿಟ್ ಲೆನ್ಸಿನಲ್ಲಿ 55 ಎಂಎಂ, ಎಫ್ 5.6 ಎಂದರೆ ಕಿಂಡಿ ಬರೀ 10 ಎಂಎಂ. ಜಾಲರಿಯ ಒಂದು ಕಣ್ಣಿಗಿಂತ ಚಿಕ್ಕದು, ಆದ್ದರಿಂದ ತಂತಿ ಗೆರೆಯಾಗಿಯೇ ಉಳಿಯುತ್ತದೆ.

ಇದರ ಮೇಲೆ ಮೂರು ಮಾತು ನೆನಪಿರಲಿ. ನೀವು ಜಾಲರಿಗೆ ಹತ್ತಿರ ಇರಬೇಕು, ಹಕ್ಕಿ ಜಾಲರಿಯಿಂದ ದೂರ ಇರಬೇಕು. ಹಕ್ಕಿ ಜಾಲರಿಗೇ ಒರಗಿ ಕೂತಿದ್ದರೆ ಯಾವ ಲೆನ್ಸೂ ಏನೂ ಮಾಡಲಾರದು, ಅದು ಒಳಗಿನ ಕೊಂಬೆಗೆ ಹೋಗುವ ತನಕ ಕಾಯಬೇಕು. ಇನ್ನೊಂದು, ಜಾಲರಿಯ ಮೇಲೆ ಬಿಸಿಲು ಬೀಳಬಾರದು. ಬಿಸಿಲು ಬಿದ್ದ ತಂತಿ ಕರಗಿದರೂ ಬೂದಿ ಬಣ್ಣದ ಪೊರೆ ಬಿಟ್ಟುಹೋಗುತ್ತದೆ, ಕಪ್ಪು ಬಣ್ಣ ಬಳಿದ ಜಾಲರಿಯಲ್ಲಿ ಈ ತೊಂದರೆ ಕಡಿಮೆ. ಬೋನಿನ ನೆರಳಿನ ಮಗ್ಗುಲು ಹುಡುಕಿ. ಸಿಗದಿದ್ದರೆ ಜೊತೆಗೆ ಬಂದವರನ್ನು ಬಿಸಿಲಿಗೆ ಅಡ್ಡ ನಿಲ್ಲಿಸಿ, ಅಷ್ಟು ಜಾಗದ ಜಾಲರಿ ಕಪ್ಪಾದರೆ ಸಾಕು.

ತಡೆಬೇಲಿ ಒಂದು ಮೀಟರ್ ಹಿಂದೆಯೇ ನಿಲ್ಲಿಸಿದೆ ಎಂದರೂ ಚಿಂತೆಯಿಲ್ಲ. ಲೆನ್ಸ್ ಉದ್ದ ಇರಲಿ, ಅಪರ್ಚರ್ ಪೂರ್ತಿ ತೆರೆದಿರಲಿ. ಹಿಂಬದಿಯ ಜಾಲರಿಯನ್ನು ಮರೆಯಬೇಡಿ. ಮುಂದಿನದನ್ನು ಕರಗಿಸಿ ಬೀಗುವಷ್ಟರಲ್ಲಿ ಹಿಂದಿನದು ಹಕ್ಕಿಯ ತಲೆಯಿಂದ ಚೌಕ ಚೌಕವಾಗಿ ಎದ್ದಿರುತ್ತದೆ. ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದರೆ ಹಿಂದೆ ಗಿಡವೋ ಗೋಡೆಯೋ ಸಿಗುತ್ತದೆ.

ಆಟೊಫೋಕಸ್ ಪದೇ ಪದೇ ಜಾಲರಿಗೇ ಹೋಗಿ ಅಂಟಿಕೊಳ್ಳುತ್ತೆ.

ಫೋಕಸ್ ಬಿಂದುವನ್ನು ಅತಿ ಚಿಕ್ಕದಕ್ಕೆ ಇಳಿಸಿ, ಜಾಲರಿಯ ಒಂದು ಕಣ್ಣಿನ ನಡುವೆ ತೂರಿಸಿ. ಮೊದಲು ದೂರದ ಗೋಡೆಗೆ ಫೋಕಸ್ ಮಾಡಿ ಆಮೇಲೆ ಹಕ್ಕಿಗೆ ಬಂದರೆ ಕ್ಯಾಮೆರಾ ಹಿಂದಿನಿಂದ ಹುಡುಕುತ್ತಾ ಬಂದು ಹಕ್ಕಿಯಲ್ಲೇ ನಿಲ್ಲುವ ಸಾಧ್ಯತೆ ಜಾಸ್ತಿ. ಆದರೂ ಆಗದಿದ್ದರೆ ಮ್ಯಾನ್ಯುಯಲ್ ಫೋಕಸ್. ಕೂತ ಹಕ್ಕಿಗೆ ಅದೇನು ಕಷ್ಟವಲ್ಲ. ಮಿರರ್‌ಲೆಸ್ ಇದ್ದರೆ ಪರದೆಯಲ್ಲಿ ಕಣ್ಣನ್ನು ದೊಡ್ಡದು ಮಾಡಿ, ಉಂಗುರ ತಿರುಗಿಸಿ.

ಹಕ್ಕಿ ಕಣ್ಣು ಗುರುತಿಸುವ ಸೌಲಭ್ಯ ಕತ್ತಲಲ್ಲಿ ಹದ್ದಿನ ಕಂದು ಕಣ್ಣಿಗೆ, ಕಣಜ ಗೂಬೆಯ ಕರಿ ಕಣ್ಣಿಗೆ ತಡವರಿಸುತ್ತದೆ. ಕೊಂಬಿನ ಗೂಬೆಯ ಕಿತ್ತಳೆ ಕಣ್ಣನ್ನು ಮಾತ್ರ ತಕ್ಷಣ ಹಿಡಿಯುತ್ತದೆ.

ಗಾಜಿನ ಹಿಂದಿನ ಗೂಬೆಗೆ ಪೋಲರೈಸರ್ ಹಾಕ್ಲಾ?

ಬೇಡ. ಪ್ರತಿಫಲನ ಇಳಿಸುವ ಆ ಫಿಲ್ಟರ್ ಒಂದೂವರೆಯಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಅರ್ಧಕ್ಕೆ ಇಳಿಕೆ) ಬೆಳಕು ನುಂಗುತ್ತದೆ, ಇರುವುದೇ ಕಡಿಮೆ. ಗಾಜಿಗೆ ನೇರವಾಗಿ ನಿಂತಾಗ ಅದರಿಂದ ಲಾಭವೂ ಇಲ್ಲ. ರಬ್ಬರ್ ಹುಡ್ ಹಾಕಿ ಲೆನ್ಸನ್ನು ಗಾಜಿಗೆ ಮೆಲ್ಲಗೆ ಒತ್ತಿ ಹಿಡಿಯಿರಿ. ಹುಡ್ ಇಲ್ಲದಿದ್ದರೆ ಕಪ್ಪು ಬಟ್ಟೆ ಸುತ್ತಿ. ಗಾಜಿಗೆ ಓರೆಯಾಗಿ ತೆಗೆದರೆ ದಪ್ಪ ಗಾಜು ಚಿತ್ರವನ್ನು ಎರಡೆರಡು ಮಾಡುತ್ತದೆ. ಗಾಜನ್ನು ಒರೆಸಿಕೊಳ್ಳಿ, ಮಕ್ಕಳ ಮೂಗಿನ ಗುರುತು ಇದ್ದೇ ಇರುತ್ತದೆ. ಬಿಳಿ ಅಂಗಿ ಹಾಕಿಕೊಂಡು ಹೋಗಬೇಡಿ.

ಎಲ್ಲಾ ಫೋಟೊನೂ ಹಸಿರು ಹಸಿರು. ಕ್ಯಾಮೆರಾ ಕೆಟ್ಟಿದ್ಯಾ?

ತಲೆ ಎತ್ತಿ ಚಾವಣಿ ನೋಡಿ. ನರ್ಸರಿಗಳಲ್ಲಿ ಕಟ್ಟುವ ಹಸಿರು ಶೇಡ್ ನೆಟ್ ಇರುತ್ತದೆ, ಇಲ್ಲವೇ ಹಸಿರು ಫೈಬರ್ ಶೀಟು. ಬೆಳಕೆಲ್ಲ ಅದರಿಂದ ಸೋಸಿ ಬರುತ್ತದೆ. ಬೆಳಕಿನ ಬಣ್ಣ ಸರಿದೂಗಿಸುವ ಆಟೊ ವೈಟ್ ಬ್ಯಾಲೆನ್ಸ್ ಇದನ್ನು ಪೂರ್ತಿ ಸರಿಪಡಿಸುವುದಿಲ್ಲ.

ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದ ಮೂಲ ಚಿತ್ರ) ತೆಗೆಯಿರಿ. ಬೋನಿನ ಹತ್ತಿರ, ಅದೇ ನೆಟ್ಟಿನ ಬೆಳಕು ಬೀಳುವ ಕಡೆ ಒಂದು ಬಿಳಿ ಕಾಗದದ ಫೋಟೊ ತೆಗೆದುಕೊಳ್ಳಿ. ಎಡಿಟಿಂಗ್‌ನಲ್ಲಿ ಅದರ ಮೇಲೆ ವೈಟ್ ಬ್ಯಾಲೆನ್ಸ್ ಪಿಕ್ಕರ್ ಇಡಿ, ಬಂದ ಅಳತೆಯನ್ನು ಉಳಿದ ಫೋಟೊಗಳಿಗೂ ಹಾಕಿ. ಕಾಗದ ಇಲ್ಲದಿದ್ದರೆ ಗರುಡನ ಬಿಳಿ ಎದೆಯೇ ಕಾಗದ, ಆದರೆ ನೆರಳಿನ ಭಾಗ ಆರಿಸಿ, ಬೆಳಕು ಸುಟ್ಟ ಜಾಗ ಬೇಡ. ಹಳದಿ ಕಾಲು, ಕೊಕ್ಕಿನ ಬುಡದ ಹಳದಿ ಚರ್ಮ ಇನ್ನೂ ನಿಂಬೆಕಾಯಿ ಬಣ್ಣದಲ್ಲೇ ಉಳಿದರೆ ಮಜೆಂಟಾ ಸ್ವಲ್ಪ ಏರಿಸಿ.

ಒಳಗಿನ ಬೋನಿನ ಫೋಟೊಗಳಲ್ಲಿ ಅಡ್ಡ ಪಟ್ಟಿಗಳು ಬರ್ತಿವೆ.

ನಮ್ಮ ಕರೆಂಟು 50 ಹರ್ಟ್ಸ್. ಚೋಕ್ ಇರುವ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಸೈಲೆಂಟ್ ಶಟರ್ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ಆ ಮಿನುಗು ಪಟ್ಟಿಯಾಗಿ ಕೂರುತ್ತದೆ. ಮೆಕ್ಯಾನಿಕಲ್ ಶಟರಿಗೆ ಬದಲಿಸಿ, ಸ್ಪೀಡ್ 1/100 ಅಥವಾ 1/50 ಇಡಿ. ಕ್ಯಾಮೆರಾದಲ್ಲಿ ಆಂಟಿ-ಫ್ಲಿಕರ್ ಇದ್ದರೆ ಆನ್ ಮಾಡಿ.

ನಮಗೆ ಈ ಮಿನುಗು ಕಾಣುವುದಿಲ್ಲ. ಒಳ್ಳೆ ಬೆಳಕಿನಲ್ಲಿ ಪೆರಿಗ್ರೀನ್ ಫಾಲ್ಕನ್ ಸೆಕೆಂಡಿಗೆ 129 ಸಲದ ಮಿನುಗನ್ನೂ ಬೇರೆ ಬೇರೆಯಾಗಿ ನೋಡಬಲ್ಲದು ಎಂದು ಅಳೆದಿದ್ದಾರೆ, ಹ್ಯಾರಿಸ್ ಹಾಕ್ ಎಂಬ ಗಿಡುಗ 77. ಟ್ಯೂಬ್‌ಲೈಟ್ ಕೆಳಗೆ ಕೂತ ಫಾಲ್ಕನ್‌ಗೆ ಏನು ಕಾಣುತ್ತಿರಬಹುದು, ಅಲ್ವಾ?

## ಕಣ್ಣು, ನಡವಳಿಕೆ, ಕಾನೂನು

ಎಲ್ಲಾ ಸರಿ ಇದೆ, ಆದ್ರೆ ಕಣ್ಣಲ್ಲಿ ಜೀವ ಇಲ್ಲ ಅನ್ಸುತ್ತೆ.

ಹದ್ದು, ಗಿಡುಗಗಳ ಕಣ್ಣಿನ ಮೇಲೆ ಮೂಳೆಯ ಒಂದು ಏಣು ಚಾಚಿಕೊಂಡಿದೆ. ಅವು ಸಿಟ್ಟಾದಂತೆ ಕಾಣುವುದು ಅದರಿಂದಲೇ. ಬೆಳಕು ಮೇಲಿನಿಂದ ಬಿದ್ದಾಗ ಆ ಏಣಿನ ನೆರಳು ಕಣ್ಣನ್ನೇ ಮುಚ್ಚುತ್ತದೆ. ಚಾವಣಿಯಿಂದ ಮಾತ್ರ ಬೆಳಕು ಬರುವ ಬೋನುಗಳಲ್ಲಿ ಇದು ದಿನವಿಡೀ ಇರುವ ತೊಂದರೆ.

ನಾನು ಬೋನಿನ ಮುಂದೆ ಮೊದಲು ಕ್ಯಾಮೆರಾ ತೆಗೆಯುವುದಿಲ್ಲ. ಬೆಳಕು ಯಾವ ಕಡೆಯಿಂದ ಬರುತ್ತಿದೆ, ಹಕ್ಕಿ ಯಾವ ಕಡೆ ಮುಖ ಮಾಡಿದಾಗ ಕಣ್ಣು ಹೊಳೆಯುತ್ತದೆ ಎಂದು ನೋಡುತ್ತೇನೆ. ಬಹುತೇಕ ಬೋನುಗಳಲ್ಲಿ ಒಂದು ಮಗ್ಗುಲು ಬಯಲಿಗೆ ತೆರೆದಿರುತ್ತದೆ. ಹಕ್ಕಿ ಅತ್ತ ತಿರುಗಿದಾಗ ಬಯಲಿನ ಆಕಾಶ ಅದರ ಕಣ್ಣಿನಲ್ಲಿ ಪುಟ್ಟ ಬಿಳಿ ಕಿಟಕಿಯಾಗಿ ಮೂಡುತ್ತದೆ. ನಾನು ನಿಲ್ಲಬೇಕಾದ್ದು ಆ ಮಗ್ಗುಲಿಗೆ. ಮೇಲೆ ಹದ್ದೋ ಹೆಲಿಕಾಪ್ಟರೋ ಹೋದರೆ ಒಳಗಿನ ಹಕ್ಕಿ ತಲೆ ಓರೆ ಮಾಡಿ ಒಂದೇ ಕಣ್ಣಿನಲ್ಲಿ ಆಕಾಶ ನೋಡುತ್ತದೆ. ಆಗ ಏಣಿನ ನೆರಳು ಸರಿದು, ಕಣ್ಣಿನ ಬಣ್ಣ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಗಂಡು ಶಿಕ್ರಾದ ಕಣ್ಣು ರಕ್ತಗೆಂಪು ಎಂದು ಗೊತ್ತಾಗುವುದು ಇಂಥ ಕ್ಷಣದಲ್ಲಿ. ಬೆಂಗಳೂರಿನ ಆಕಾಶದಲ್ಲಿ ಹದ್ದಿಗೆ ಬರ ಇಲ್ಲ, ಸ್ವಲ್ಪ ಹೊತ್ತು ನಿಂತರೆ ಸಿಗುತ್ತದೆ.

ಇಷ್ಟು ಕಾದು ಐಎಸ್‌ಒ 6400ರಲ್ಲಿ ತೆಗೆದ ಫೋಟೊ, ಕಾಯದೆ ಐಎಸ್‌ಒ 800ರಲ್ಲಿ ತೆಗೆದದ್ದಕ್ಕಿಂತ ಚೆನ್ನಾಗಿರುತ್ತದೆ.

ಕಣ್ಣು ಬೆಳ್ಳಗೆ, ಪೊರೆ ಬಂದ ಹಾಗಿದೆ. ಹಕ್ಕಿಗೆ ಕಾಯಿಲೆನಾ?

ಬಹುತೇಕ ಅಲ್ಲ. ಹಕ್ಕಿಗಳಿಗೆ ಮೂರನೇ ರೆಪ್ಪೆ ಇದೆ. ಹಾಲು ಬಣ್ಣದ ತೆಳು ಪೊರೆ ಕಣ್ಣಿನ ಅಡ್ಡಕ್ಕೆ ಸರಿದು ಒರೆಸಿ ಹೋಗುತ್ತದೆ. ನಿಮ್ಮ ಶಟರ್ ಸರಿಯಾಗಿ ಅದೇ ಹೊತ್ತಿಗೆ ಬಿದ್ದಿದೆ. ಪಕ್ಕದ ಫ್ರೇಮ್ ನೋಡಿ. ಎಲ್ಲ ಫ್ರೇಮುಗಳಲ್ಲೂ ಹಾಗೇ ಇದ್ದರೆ ಮಾತ್ರ ಅಲ್ಲಿನ ಸಿಬ್ಬಂದಿಗೆ ಹೇಳಿ.

ನಮ್ಮ ಕಡೆ ನೋಡೋಕೆ ಶಿಳ್ಳೆ ಹಾಕಬಹುದಾ? ಹಕ್ಕಿ ಹೆದರಿದೆ ಅಂತ ಹೇಗೆ ಗೊತ್ತಾಗುತ್ತೆ?

ಶಿಳ್ಳೆ, ಚಪ್ಪಾಳೆ, ಕೀ ಗೊಂಚಲು ಅಲ್ಲಾಡಿಸುವುದು ಯಾವುದೂ ಬೇಡ. ಹೊರಗಿನ ಹಕ್ಕಿಗೆ ನೀವು ಬೇಡವಾದರೆ ಹಾರಿಹೋಗುತ್ತದೆ. ಇದಕ್ಕೆ ಆ ದಾರಿ ಇಲ್ಲ.

ನೆಮ್ಮದಿಯಾಗಿರುವ ಹಕ್ಕಿ ಪುಕ್ಕ ಸಡಿಲ ಬಿಟ್ಟು, ಒಂದು ಕಾಲನ್ನು ಹೊಟ್ಟೆಯ ಪುಕ್ಕದೊಳಗೆ ಮಡಚಿಕೊಂಡಿರುತ್ತದೆ. ಮೈಯೆಲ್ಲ ಕೊಡವಿಕೊಂಡರೆ ಇನ್ನೂ ಒಳ್ಳೆ ಲಕ್ಷಣ, ಒಳ್ಳೆ ಫೋಟೊ ಕೂಡ. ಹೆದರಿದ್ದು ಪುಕ್ಕವನ್ನು ಮೈಗೆ ಅಂಟಿಸಿ ಸಪೂರ ಆಗುತ್ತದೆ. ಗೂಬೆಯಂತೂ ಮೈ ಉದ್ದ ಮಾಡಿ, ಕಣ್ಣು ಕಿರಿದು ಮಾಡಿ ಮರದ ತುಂಡಿನಂತೆ ನಿಲ್ಲುತ್ತದೆ. ಇದನ್ನೇ "ಪೋಸ್ ಕೊಡ್ತಿದೆ" ಎಂದುಕೊಂಡು ಇನ್ನೂ ಹತ್ತಿರ ಹೋಗುವವರಿದ್ದಾರೆ. ಎರಡು ಹೆಜ್ಜೆ ಹಿಂದೆ ಬನ್ನಿ, ಕೂತುಕೊಳ್ಳಿ. ಎತ್ತರ ಕಡಿಮೆಯಾದರೆ ಅವು ಬೇಗ ಸಮಾಧಾನ ಆಗುತ್ತವೆ.

ಪರಿಚಯದವರು ಮನೇಲಿ ಗೂಬೆ ಸಾಕಿದಾರೆ, ಫೋಟೊ ತೆಗೆಯೋಕೆ ಕರೀತಿದಾರೆ. ಹೋಗ್ಲಾ?

ಹೋಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನಮ್ಮ ಗೂಬೆ, ಹದ್ದು, ಗಿಡುಗಗಳನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ದೀಪಾವಳಿ ಹತ್ತಿರ ಬಂದಾಗ ಮಾಟಮಂತ್ರದ ನಂಬಿಕೆಗೆ ಗೂಬೆಗಳನ್ನು ಹಿಡಿದು ಮಾರುವವರೂ ಇದ್ದಾರೆ. ನಿಮ್ಮ ಫೋಟೊ ಅಂಥ ಗಿರಾಕಿಗೆ ಜಾಹೀರಾತು ಆಗಬಾರದು. ಅರಣ್ಯ ಇಲಾಖೆಗೆ ತಿಳಿಸಿ.

ಗಾಯಗೊಂಡ ಹಕ್ಕಿಗಳ ಕೇಂದ್ರದಲ್ಲಿ ಫೋಟೊ ತೆಗೆಯೋಕೆ ಬಿಡ್ತಾರಾ?

ಚಿಕಿತ್ಸೆಯಲ್ಲಿರುವ ಹಕ್ಕಿಗಳ ಹತ್ತಿರ ಸಾಮಾನ್ಯವಾಗಿ ಬಿಡುವುದಿಲ್ಲ, ಬಿಡಬಾರದು ಕೂಡ. ಗಾಳಿಪಟದ ಕಾಲದಲ್ಲಿ ಮಾಂಜಾ ದಾರಕ್ಕೆ ಸಿಕ್ಕಿ ರೆಕ್ಕೆ ಕತ್ತರಿಸಿಕೊಂಡ ಹದ್ದುಗಳು ಬೆಂಗಳೂರಿನಲ್ಲಿ ಬರುತ್ತಲೇ ಇರುತ್ತವೆ. ವಾಸಿಯಾದ ಮೇಲೆ ಬಿಡಬೇಕಾದ ಹಕ್ಕಿ ಮನುಷ್ಯರಿಗೆ ಒಗ್ಗಿಕೊಳ್ಳಬಾರದು.

ಅವರೇ ದಾಖಲೆಗೆ ಕರೆದರೆ ಮಾತು ಬೇರೆ. ಡಾಕ್ಟರು ಹಕ್ಕಿಯನ್ನು ಹಿಡಿದು ತಲೆಗೆ ಬಟ್ಟೆ ಮುಚ್ಚಿದಾಗ ಅದು ಸುಮ್ಮನಾಗುತ್ತದೆ. ಕೆಲಸ ಅಷ್ಟರಲ್ಲೇ ಮುಗಿಯಬೇಕು. ಸೆಟ್ಟಿಂಗ್ ಎಲ್ಲ ಮೊದಲೇ ಟವೆಲ್ ಒಂದರ ಮೇಲೆ ಪರೀಕ್ಷೆ ಮಾಡಿಕೊಂಡಿರಿ. ಗಾಯದ ಪಕ್ಕ ಒಂದು ಸ್ಕೇಲ್ ಇಡಲು ಹೇಳಿ. ಅವರಿಗೆ ಬೇಕಾದ್ದು ಅಳತೆ, ನಿಮ್ಮ ಬೊಕೆ (ಹಿನ್ನೆಲೆಯ ಚೆಂದದ ಮಸುಕು) ಅಲ್ಲ.

## ಕೈ ಪಳಗಿದವರಿಗೆ

ಕೊಲ್ಲಿಯಲ್ಲಿದ್ದೀವಿ. ಫಾಲ್ಕನ್ ಅಂಗಡಿ, ಆಸ್ಪತ್ರೆಗಳ ಒಳಗೆ ಹೇಗೆ ತೆಗೀಬೇಕು?

ಅಲ್ಲಿ ಫಾಲ್ಕನ್ ಸಾಕುವುದು ಕಾನೂನಿಗೆ ಒಳಪಟ್ಟ, ಮರ್ಯಾದೆಯ ವಿಷಯ. ಎಮಿರೇಟ್ಸ್‌ನಲ್ಲಿ ಫಾಲ್ಕನ್‌ಗಳಿಗೆ ಪಾಸ್‌ಪೋರ್ಟೇ ಇದೆ. 1999ರಲ್ಲಿ ಶುರುವಾದ ಅಬುಧಾಬಿ ಫಾಲ್ಕನ್ ಆಸ್ಪತ್ರೆಗೆ ಪ್ರವಾಸಿಗರಾಗಿ ಹೋಗಬಹುದು, ದೋಹಾದ ಸೂಕ್ ವಾಕಿಫ್‌ನಲ್ಲಿ ಫಾಲ್ಕನ್ ಅಂಗಡಿಗಳ ಸಾಲೇ ಇದೆ. ಅಂಗಡಿಯೊಳಗೆ ಹೋದ ತಕ್ಷಣ ಕ್ಯಾಮೆರಾ ಎತ್ತಬೇಡಿ. ಮಾಲೀಕರನ್ನು ಕೇಳಿ, ಅವರು ಬೇಡ ಎಂದ ಹಕ್ಕಿಯನ್ನು ಬಿಟ್ಟುಬಿಡಿ.

ಹಕ್ಕಿಗಳು ಚರ್ಮದ ಟೋಪಿ ಹಾಕಿಕೊಂಡು ಸಾಲಾಗಿ ಕೂತಿರುತ್ತವೆ. ಕಣ್ಣು ಕಾಣದ ಹಕ್ಕಿಗೆ ಎಲ್ಲಿ ಫೋಕಸ್ ಮಾಡುವುದು? ಮೂಗಿನ ಹೊಳ್ಳೆಗೆ. ಫಾಲ್ಕನ್‌ನ ದುಂಡು ಹೊಳ್ಳೆಯ ನಡುವೆ ಒಂದು ಪುಟ್ಟ ಮೊಳೆಯಂಥ ಮೂಳೆ ಇರುತ್ತದೆ. ಅದು ಚೂಪಾಗಿ ಬಂದರೆ ಟೋಪಿಯ ಹೊಲಿಗೆಯೂ ಹೆಚ್ಚುಕಡಿಮೆ ಬರುತ್ತದೆ. ಒಂದು ಹಕ್ಕಿಗೆ ಫೋಕಸ್ ಮಾಡಿ ಉಳಿದ ಸಾಲನ್ನು ಮಸುಕಾಗಲು ಬಿಡಿ. 85 ಎಂಎಂ ಎಫ್ 1.8 ಇಲ್ಲಿ ರಾಜ. ಎಸಿ ಕೋಣೆಯಿಂದ ಹೊರಗೆ ಬಂದಾಗ ಲೆನ್ಸಿನ ಮೇಲೆ ನೀರು ಕಟ್ಟುತ್ತದೆ, ಚೀಲದೊಳಗೇ ಸ್ವಲ್ಪ ಹೊತ್ತು ಬಿಡಿ.

ಇಂಗ್ಲೆಂಡಿನ ಚಳಿಗಾಲ, ಕತ್ತಲೆ, ಅದರಲ್ಲಿ ಹಾರೋ ಗೂಬೆ. ಆಗುತ್ತಾ?

ಆಗುತ್ತದೆ, ನಿರೀಕ್ಷೆ ಕಡಿಮೆ ಇರಲಿ. ಡಿಸೆಂಬರಿನಲ್ಲಿ ಲಂಡನ್ನಿನ ಸುತ್ತಮುತ್ತ ನಾಲ್ಕು ಗಂಟೆಗೇ ಸೂರ್ಯ ಮುಳುಗಿರುತ್ತಾನೆ. ಗ್ಲಾಸ್ಟರ್‌ಶೈರಿನ ನ್ಯೂವೆಂಟ್‌ನಲ್ಲಿ 1967ರಿಂದ ಇರುವ ಬೇಟೆ ಹಕ್ಕಿಗಳ ಕೇಂದ್ರದಂಥ ಕಡೆ ಹೋಗುವ ಮುಂಚೆ ಚಳಿಗಾಲದ ಸಮಯವನ್ನು ವಿಚಾರಿಸಿ, ಬೆಳಗಿನ ಪ್ರದರ್ಶನಕ್ಕೇ ಹೋಗಿ.

ಕಣಜ ಗೂಬೆ ನಿಧಾನವಾಗಿ ಹಾರುತ್ತದೆ, 1/800 ಇದ್ದರೂ ನಡೆಯುತ್ತದೆ. ಹ್ಯಾರಿಸ್ ಹಾಕ್‌ಗೆ 1/1600 ಬೇಕು, ಐಎಸ್‌ಒ 12800 ಮುಟ್ಟಬಹುದು. ಅಷ್ಟು ಬೆಳಕಿಲ್ಲದಿದ್ದರೆ ಹಾರಾಟ ಬಿಟ್ಟು ಇಳಿಯುವುದನ್ನು ಹಿಡಿಯಿರಿ. ತರಬೇತುದಾರರ ಕೈಗವಸಿನ ಮುಂದೆ ಹಕ್ಕಿ ರೆಕ್ಕೆ, ಬಾಲ ಬಿಡಿಸಿ, ಕಾಲು ಮುಂದೆ ಚಾಚಿ ಬ್ರೇಕ್ ಹಾಕುತ್ತದೆ. ಆಗ ತಲೆ ಹೆಚ್ಚುಕಡಿಮೆ ಗಾಳಿಯಲ್ಲಿ ನಿಂತಿರುತ್ತದೆ. 1/400ರಲ್ಲೂ ಮುಖ ಚೂಪು, ರೆಕ್ಕೆ ತುದಿ ಮಾತ್ರ ಮಸುಕು. ಕೈಗವಸಿಗೆ ಮೊದಲೇ ಫೋಕಸ್ ಮಾಡಿಟ್ಟುಕೊಳ್ಳಿ.

ಎಐ ಡಿನಾಯ್ಸ್ ಹಾಕಿದ್ರೆ ಗರಿ ಪ್ಲಾಸ್ಟಿಕ್ ಥರ ಆಗುತ್ತೆ.

ಪೂರ್ತಿ ಹಾಕಿದ್ದೀರಿ, ಅರ್ಧಕ್ಕೆ ಇಳಿಸಿ. ರಾ ಫೈಲಿನ ಮೇಲೆ, ಎಲ್ಲಕ್ಕಿಂತ ಮೊದಲು ಹಾಕಿ. ಶಾರ್ಪ್ ಮಾಡಿದ ಮೇಲೆ ಹಾಕಿದರೆ ಕಾಳುಗಳನ್ನೇ ಗರಿ ಎಂದುಕೊಂಡು ಇಲ್ಲದ ಗೆರೆ ಎಳೆಯುತ್ತದೆ. ಹಿನ್ನೆಲೆಗೆ ಜಾಸ್ತಿ, ಹಕ್ಕಿಗೆ ಕಡಿಮೆ ಎಂದು ಮಾಸ್ಕ್ ಮಾಡಿಕೊಳ್ಳಿ. ಕಣ್ಣಿನ ಸುತ್ತಲಿನ ಬಿರುಗೂದಲಿನಂಥ ಸಣ್ಣ ಪುಕ್ಕ ನೋಡಿ ತೀರ್ಮಾನಿಸಿ. ಅವು ಅಂಟಿಕೊಂಡು ಒಂದೇ ಪಟ್ಟಿಯಾಗಿದ್ದರೆ ಜಾಸ್ತಿ ಆಯಿತು.

ಹಲವು ಫ್ರೇಮ್ ಸೇರಿಸಿ ನಾಯ್ಸ್ ಕಮ್ಮಿ ಮಾಡಬಹುದು ಅಂತಾರೆ. ಹಕ್ಕಿಗೂ ಆಗುತ್ತಾ?

ನಿದ್ದೆ ಮಾಡುವ ಗೂಬೆಗೆ, ಬಂಡೆ ಮೇಲೆ ಕೂತ ರಣಹದ್ದಿಗೆ ಆಗುತ್ತದೆ. ಒಂಬತ್ತು ಫ್ರೇಮ್ ಒಟ್ಟಿಗೆ ಸರಾಸರಿ ಮಾಡಿದರೆ ನಾಯ್ಸ್ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಬರ್ಸ್ಟ್‌ನಲ್ಲಿ (ಒಂದರ ಹಿಂದೊಂದು ಬೇಗ ಬೇಗ) ತೆಗೆದು, ತಲೆ ಅಲ್ಲಾಡದ ಫ್ರೇಮುಗಳನ್ನು ಆರಿಸಿ, ಫೋಟೊಶಾಪಿನಲ್ಲಿ ಲೇಯರ್ ಮಾಡಿ, ಹೊಂದಿಸಿ, ಸ್ಮಾರ್ಟ್ ಆಬ್ಜೆಕ್ಟ್ ಮಾಡಿ "ಮೀನ್" (ಸರಾಸರಿ) ಆರಿಸಿ. ಉಸಿರಾಟಕ್ಕೆ ಎದೆಯ ಪುಕ್ಕ ಏರಿಳಿಯುತ್ತದೆ, ಆ ಭಾಗ ಮೆತ್ತಗಾದರೆ ಒಂದೇ ಫ್ರೇಮಿನದ್ದನ್ನು ಮೇಲೆ ಹಚ್ಚಿ. ಕಣ್ಣನ್ನು ಯಾವಾಗಲೂ ಒಂದೇ ಫ್ರೇಮಿನಿಂದ ತೆಗೆದುಕೊಳ್ಳಿ.

ಕಾಲಿನ ಚರ್ಮದ ಪಟ್ಟಿ ಅಳಿಸಿ ಸ್ಪರ್ಧೆಗೆ ಕಳಿಸಿದ್ರೆ ಗೊತ್ತಾಗುತ್ತಾ?

ಗೊತ್ತಾಗುತ್ತದೆ. ಸಾಕಿದ ಹಕ್ಕಿಯನ್ನು ಹಿಡಿದಿಡಲು ಕಟ್ಟುವ ಆ ಪಟ್ಟಿ ಅಳಿಸಿದರೂ, ಬೋನಿನ ಹಕ್ಕಿಯ ಬಾಲದ ಗರಿ ತುದಿಗಳು ಜಾಲರಿಗೆ ಉಜ್ಜಿ ಸವೆದಿರುತ್ತವೆ, ಪಳಗಿದ ತೀರ್ಪುಗಾರರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಅವರು ರಾ ಫೈಲನ್ನೂ ಕೇಳಬಹುದು.

ಅಂತರರಾಷ್ಟ್ರೀಯ ಸಲೋನ್‌ಗಳ (ಫೋಟೊ ಸ್ಪರ್ಧೆಗಳ) ನೇಚರ್ ವಿಭಾಗಕ್ಕೆ ಫಿಯಾಪ್, ಪಿಎಸ್‌ಎ ಎಂಬ ಫೋಟೊಗ್ರಫಿ ಸಂಸ್ಥೆಗಳು ಒಪ್ಪಿರುವ ವ್ಯಾಖ್ಯೆಯಲ್ಲಿ ಚಿತ್ರದಿಂದ ಏನನ್ನೂ ಅಳಿಸುವಂತಿಲ್ಲ, ಸೇರಿಸುವಂತಿಲ್ಲ. ವೈಲ್ಡ್‌ಲೈಫ್ ಎಂದರೆ ಸ್ವತಂತ್ರವಾಗಿ ಬದುಕುವ ಜೀವಿ, ಮೃಗಾಲಯದ್ದು ಅದಕ್ಕೆ ಸೇರುವುದಿಲ್ಲ. 1971ರಿಂದ ಇರುವ ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಕ್ಲಬ್ಬುಗಳ ಹಿರಿಯರನ್ನು ಕೇಳಿದರೆ ಯಾವ ವಿಭಾಗಕ್ಕೆ ಯಾವುದು ಸಲ್ಲುತ್ತದೆ ಎಂದು ಬಿಡಿಸಿ ಹೇಳುತ್ತಾರೆ. ಮುಕ್ತ ವಿಭಾಗ ಇದ್ದೇ ಇದೆ, ಅಲ್ಲಿಗೆ ಕಳಿಸಿ. ಶೀರ್ಷಿಕೆಯ ಕೆಳಗೆ "ಮೃಗಾಲಯದ ಹಕ್ಕಿ" ಎಂದು ಬರೆಯಿರಿ. ಪಟ್ಟಿ ಹಾಗೇ ಇರಲಿ.